ಗುಡ್ಡದ ದಾರಿಗೆ ಹಳೆಯ ಜೀಪು: ದುರಸ್ತಿ ಮೊದಲು, ಬಲ ಆಮೇಲೆ

ಕಾಸರಗೋಡಿನ ಒಳನಾಡಿನಲ್ಲಿ, ಪೆರ್ಲದಿಂದ ಬದಿಯಡ್ಕ, ಮುಳ್ಳೇರಿಯ ದಾಟಿ ಬಂದಡ್ಕದವರೆಗೆ, ಅಡಿಕೆ ತೋಟವಿರುವ ಮನೆಗಳ ಅಂಗಳದಲ್ಲಿ ಹಳೆಯ ಜೀಪು ಈಗಲೂ ಕಾಣಸಿಗುತ್ತದೆ. ಮಹೀಂದ್ರಾ ಎಂಎಂ 540, ಮೇಜರ್, ಕಮಾಂಡರ್, ಇಲ್ಲವೇ ಮಾರುತಿ ಜಿಪ್ಸಿ. ಗೊಬ್ಬರದ ಚೀಲ, ಬೋರ್ಡೋ ದ್ರಾವಣದ ಡ್ರಮ್ಮು, ಕೊಯ್ದ ಅಡಿಕೆ ಗೊನೆ ಎಲ್ಲವನ್ನೂ ಹೇರಿಕೊಂಡು ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಏರು ಹತ್ತುವ ಕೆಲಸವನ್ನು ಇವು ದಶಕಗಳಿಂದ ಮಾಡುತ್ತಾ ಬಂದಿವೆ. ಇಂಥದೊಂದು ಜೀಪನ್ನು ಕೊಂಡವರಿಗೆ ಮೊದಲು ಹೊಳೆಯುವುದು ದೊಡ್ಡ ಟಯರು, ಎತ್ತರಿಸಿದ ಪ್ಲೇಟು (ಚಕ್ರಗಳ ಮೇಲಿನ ಕಮಾನಿನಾಕಾರದ ಸ್ಪ್ರಿಂಗು), ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ. ಆದರೆ ಹಳೆಯ ವಾಹನಕ್ಕೆ ಸಾಮಾನ್ಯವಾಗಿ ಬೇಕಾಗಿರುವುದು ಹೊಸ ಬಲವಲ್ಲ, ವರ್ಷಗಳಲ್ಲಿ ಸೋರಿಹೋದ ಬಲವನ್ನು ಮರಳಿ ಪಡೆಯುವುದು. ಈ ಬರಹದ ಕ್ರಮವೂ ಹಾಗೆಯೇ ಇದೆ.

ನನ್ನ ಎಂಎಂ 540ನ್ನು ಮಾರಿದವರು "ಏರಿನಲ್ಲಿ ಎಳೆಯುವುದಿಲ್ಲ, ಎಂಜಿನ್ ಬದಲಿಸಿ" ಎಂದೇ ಸಲಹೆ ಕೊಟ್ಟು ಕೈಬಿಟ್ಟಿದ್ದರು. ತಂದ ದಿನ ಐದು ಕಿಲೋಮೀಟರ್ ಓಡಿಸಿ, ನಿಲ್ಲಿಸಿ, ನಾಲ್ಕೂ ಚಕ್ರಗಳ ಬ್ರೇಕ್ ಡ್ರಮ್ಮಿನ ಹತ್ತಿರ ಅಂಗೈಯ ಹಿಂಬದಿಯನ್ನು ಹಿಡಿದು ನೋಡಿದೆ. ಮೂರು ಬೆಚ್ಚಗಿದ್ದವು, ಹಿಂದಿನ ಎಡಗಡೆಯದರ ಹತ್ತಿರ ಕೈ ಹಿಡಿಯಲು ಆಗಲಿಲ್ಲ. ವೀಲ್ ಸಿಲಿಂಡರಿನ ಪಿಸ್ಟನ್ ತುಕ್ಕು ಹಿಡಿದು ಬ್ರೇಕ್ ಶೂ ಹಿಂದಕ್ಕೆ ಸರಿಯುತ್ತಿರಲಿಲ್ಲ. ಜೀಪು ಯಾವಾಗಲೂ ಬ್ರೇಕ್ ಹಾಕಿಕೊಂಡೇ ಏರು ಹತ್ತುತ್ತಿತ್ತು. ಏರ್ ಕ್ಲೀನರಿನ ಬಟ್ಟಲಲ್ಲಿ ಎಣ್ಣೆಯ ಬದಲು ಕೆಂಪು ಕೆಸರು ಗಟ್ಟಿಯಾಗಿತ್ತು. ಇಂಜೆಕ್ಟರಿನ ಎರಡು ನಾಝಲ್‌ಗಳು ಡೀಸೆಲನ್ನು ಮಂಜಿನಂತೆ ಚದುರಿಸುವುದರ ಬದಲು ಹನಿಹನಿಯಾಗಿ ಚೆಲ್ಲುತ್ತಿದ್ದವು. ಈ ಮೂರನ್ನು ಸರಿಪಡಿಸಿದ ಮೇಲೆ ಅದೇ ಜೀಪು ಅದೇ ಏರನ್ನು ಎರಡನೇ ಗೇರಿನಲ್ಲಿ ಹತ್ತಿತು.

ಚಾಸಿ

ಈ ಜೀಪುಗಳ ಬೆನ್ನೆಲುಬು ಏಣಿಯಾಕಾರದ ಚಾಸಿ. ಅದು ಗಟ್ಟಿಯಿಲ್ಲದಿದ್ದರೆ ಮುಂದಿನ ಯಾವ ಖರ್ಚಿಗೂ ಅರ್ಥವಿಲ್ಲ. ನಮ್ಮಲ್ಲಿ ಮಳೆ ಹೆಚ್ಚು, ಕುಂಬಳೆಯಿಂದ ಮಂಜೇಶ್ವರದವರೆಗಿನ ಕರಾವಳಿಯಲ್ಲಿ ಉಪ್ಪುಗಾಳಿಯೂ ಸೇರುತ್ತದೆ. ಇದಕ್ಕಿಂತ ಕೆಟ್ಟದ್ದು ಚಾಸಿಯ ಒಳಗೆ ಸೇರಿಕೊಳ್ಳುವ ಕೆಂಪು ಮಣ್ಣು, ಏಕೆಂದರೆ ಅದು ಒದ್ದೆಬಟ್ಟೆಯಂತೆ ನೀರನ್ನು ಹಿಡಿದಿಟ್ಟುಕೊಂಡು ಬೇಸಿಗೆಯಲ್ಲಿಯೂ ಕಬ್ಬಿಣವನ್ನು ತಿನ್ನುತ್ತಿರುತ್ತದೆ.

ವಾಹನವನ್ನು ಸಮತಟ್ಟು ಗಟ್ಟಿ ನೆಲದಲ್ಲಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಬರೀ ಜಾಕಿಯನ್ನು ನಂಬಿ ಅಡಿಗೆ ಹೋಗಬಾರದು. ಮುರಕಲ್ಲನ್ನು ಆಧಾರವಾಗಿ ಕೊಡುವ ಅಭ್ಯಾಸ ನಮ್ಮಲ್ಲಿದೆ, ಆ ಕಲ್ಲು ಭಾರಕ್ಕೆ ಮುನ್ಸೂಚನೆಯಿಲ್ಲದೆ ಒಡೆಯುತ್ತದೆ, ಆದ್ದರಿಂದ ದಯವಿಟ್ಟು ಅದನ್ನು ಬಿಟ್ಟುಬಿಡಿ. ಪ್ರೆಶರ್ ವಾಶ್ ಮಾಡಿ ಒಣಗಿಸಿದ ಬಳಿಕ ಚಿಕ್ಕ ಸುತ್ತಿಗೆಯಿಂದ ಚಾಸಿಯ ಉದ್ದಕ್ಕೂ ತಟ್ಟುತ್ತಾ ಹೋದರೆ ಗಟ್ಟಿಯಿರುವಲ್ಲಿ ಗಂಟೆಯಂತೆ ಮೊಳಗುತ್ತದೆ, ತುಕ್ಕು ತಿಂದಲ್ಲಿ ಸದ್ದು ಸಪ್ಪೆಯಾಗುತ್ತದೆ. ಸಪ್ಪೆ ಸದ್ದು ಬಂದಲ್ಲಿ ಸ್ಕ್ರೂಡ್ರೈವರಿನ ತುದಿಯನ್ನು ಒತ್ತಿ ನೋಡಬೇಕು. ವಿಶೇಷವಾಗಿ ಗಮನಿಸಬೇಕಾದದ್ದು ಹಿಂದಿನ ಪ್ಲೇಟುಗಳನ್ನು ಚಾಸಿಗೆ ಹಿಡಿಸುವ ಹ್ಯಾಂಗರ್, ಪ್ಲೇಟಿನ ತುದಿಯನ್ನು ತೂಗುಹಾಕುವ ಕೊಂಡಿಯಾದ ಶ್ಯಾಕಲ್ ಕೂರುವ ಜಾಗ, ಬಾಡಿ ಬೋಲ್ಟುಗಳ ಸುತ್ತ, ಮತ್ತು ಸ್ಟೀರಿಂಗ್ ಬಾಕ್ಸ್ ಬೋಲ್ಟ್ ಮಾಡಿದ ಭಾಗ. ಸ್ಟೀರಿಂಗ್ ಬಾಕ್ಸಿನ ಬುಡದಲ್ಲಿ ಕೂದಲಿನಷ್ಟು ತೆಳ್ಳಗಿನ ಬಿರುಕು ಕಂಡರೂ ಆ ಜೀಪನ್ನು ರಸ್ತೆಗೆ ಇಳಿಸಬಾರದು.

ಕೊಳೆತ ಭಾಗದ ಮೇಲೆಯೇ ತಗಡು ಮುಚ್ಚಿ ಬೆಸುಗೆ ಹಾಕುವುದು ದುರಸ್ತಿಯಲ್ಲ. ಒಳ್ಳೆಯ ಲೋಹ ಸಿಗುವವರೆಗೆ ಕತ್ತರಿಸಿ ತೆಗೆದು, ಚಾಸಿಯಷ್ಟೇ ದಪ್ಪದ ಪಟ್ಟಿಯನ್ನು ಕೂರಿಸಬೇಕು. ಆ ಪಟ್ಟಿಯ ಅಂಚು ಚಾಸಿಗೆ ಅಡ್ಡಲಾಗಿ ನೇರ ಗೆರೆಯಂತಿದ್ದರೆ ಬೆಸುಗೆಯ ಪಕ್ಕದಲ್ಲಿಯೇ ಮತ್ತೆ ಬಿರುಕು ಹುಟ್ಟುತ್ತದೆ, ಆದ್ದರಿಂದ ತುದಿಗಳನ್ನು ಓರೆಯಾಗಿ ಅಥವಾ ವಜ್ರದಾಕಾರದಲ್ಲಿ ಕತ್ತರಿಸುವುದು ಕ್ರಮ. ಬೆಸುಗೆಗೆ ಮೊದಲು ಬ್ಯಾಟರಿಯ ಸಂಪರ್ಕವನ್ನು, ಆಲ್ಟರ್ನೇಟರಿನ ವಯರನ್ನು ಬಿಡಿಸಿ, ಇಂಧನದ ಟ್ಯಾಂಕು ಮತ್ತು ಕೊಳವೆಯನ್ನು ದೂರ ಸರಿಸಿ, ಒಂದು ಬಕೆಟ್ ಮರಳನ್ನು ಕೈಗೆಟಕುವಂತೆ ಇಟ್ಟುಕೊಳ್ಳಬೇಕು. ಕೆಲಸ ಮುಗಿದ ಮೇಲೆ ರೆಡ್ ಆಕ್ಸೈಡ್, ಅದರ ಮೇಲೆ ಚಾಸಿ ಪೇಂಟು. ನೀರು ಇಳಿದುಹೋಗಲು ಕಂಪೆನಿಯೇ ಇಟ್ಟ ತೂತುಗಳನ್ನು ಬಣ್ಣದಿಂದ ಮುಚ್ಚಬೇಡಿ.

ಬ್ರೇಕು ಮತ್ತು ಸ್ಟೀರಿಂಗ್

ಬ್ರೇಕಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ: ಮಾಸ್ಟರ್ ಸಿಲಿಂಡರ್, ನಾಲ್ಕೂ ಚಕ್ರಗಳ ವೀಲ್ ಸಿಲಿಂಡರ್, ರಬ್ಬರ್ ಹೋಸ್‌ಗಳು ಹಳೆಯವಾಗಿದ್ದರೆ ಒಂದೇ ಸಲಕ್ಕೆ ಬದಲಿಸಿ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ನಮ್ಮ ಹವೆಯಲ್ಲಿ ಎರಡು ವರ್ಷಕ್ಕೊಮ್ಮೆ ಪೂರ್ತಿ ಹೊಸತು ತುಂಬಬೇಕು. ಡ್ರಮ್ ಬ್ರೇಕಿನ ಜೀಪು ತೋಡು (ಸಣ್ಣ ಹೊಳೆ) ದಾಟಿದ ಕೂಡಲೇ ಬ್ರೇಕ್ ಇಲ್ಲದಂತಾಗುತ್ತದೆ. ಆಚೆ ದಡದಲ್ಲಿ ನಿಧಾನವಾಗಿ ಚಲಿಸುತ್ತಲೇ ಪೆಡಲನ್ನು ಹಗುರವಾಗಿ ಒತ್ತಿ ಶೂಗಳನ್ನು ಒಣಗಿಸಿಕೊಂಡ ನಂತರವೇ ಇಳಿಜಾರಿಗೆ ಹೋಗಬೇಕು.

ಸ್ಟೀರಿಂಗ್ ಮಾತ್ರ ವಿವರವಾಗಿ ಹೇಳಬೇಕಾದ ವಿಷಯ. ಗಂಟೆಗೆ 40–50 ಕಿಲೋಮೀಟರ್ ವೇಗದಲ್ಲಿ ಸಣ್ಣ ಗುಂಡಿಗೆ ಬಿದ್ದ ಕೂಡಲೇ ಮುಂದಿನ ಎರಡೂ ಚಕ್ರಗಳು ಹುಚ್ಚೆದ್ದಂತೆ ನಡುಗುವುದನ್ನು ಹಳೆಯ ಜೀಪು ಓಡಿಸಿದವರೆಲ್ಲ ಬಲ್ಲರು. ಇದಕ್ಕೆ ಸ್ಟೀರಿಂಗ್ ಡ್ಯಾಂಪರ್ ಹಾಕಿ ಕಳಿಸುವ ಗ್ಯಾರೇಜುಗಳಿವೆ. ಡ್ಯಾಂಪರ್ ನಡುಕವನ್ನು ಮರೆಮಾಚುತ್ತದೆ, ಕಾರಣವನ್ನು ತೆಗೆಯುವುದಿಲ್ಲ. ಚಕ್ರವನ್ನು ನೆಲದಿಂದ ಎತ್ತಿ, ಮೇಲೊಂದು ಕೆಳಗೊಂದು ಕೈಹಿಡಿದು ಅಲ್ಲಾಡಿಸಿ. ಆಟ (ಸಡಿಲಿಕೆ) ಕಂಡುಬಂದರೆ ಇನ್ನೊಬ್ಬರಿಂದ ಬ್ರೇಕ್ ಒತ್ತಿಸಿ ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಆಟ ನಿಂತರೆ ತೊಂದರೆ ವೀಲ್ ಬೇರಿಂಗಿನದು, ನಿಲ್ಲದಿದ್ದರೆ ಕಿಂಗ್‌ಪಿನ್ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಕೀಲು) ಬೇರಿಂಗಿನದು. ಕಿಂಗ್‌ಪಿನ್ನಿನ ಬಿಗಿತವನ್ನು ಶಿಮ್ ಎಂಬ ತೆಳು ತಗಡುಗಳಿಂದ ಹೊಂದಿಸುತ್ತಾರೆ. ಟೈ ರಾಡನ್ನು ಬಿಡಿಸಿ, ಸ್ಟೀರಿಂಗ್ ಆರ್ಮಿಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಯನ್ನು ಸಿಕ್ಕಿಸಿ ಎಳೆದು, ಚಕ್ರ ತಿರುಗಲು ತೊಡಗುವಾಗ ತೋರುವ ತೂಕವನ್ನು ಆ ಮಾದರಿಯ ವರ್ಕ್‌ಶಾಪ್ ಕೈಪಿಡಿಯ ಅಂಕಿಯೊಂದಿಗೆ ಹೋಲಿಸಬೇಕು. ಈ ಅಳತೆಯನ್ನು ಅಂದಾಜಿಗೆ ಬಿಟ್ಟದ್ದರಿಂದಲೇ ಹೆಚ್ಚಿನ ಜೀಪುಗಳು ಜೀವಮಾನವಿಡೀ ನಡುಗುತ್ತಿರುತ್ತವೆ. ಆಮೇಲೆ ಟೈ ರಾಡ್ ಎಂಡ್, ಡ್ರ್ಯಾಗ್ ಲಿಂಕ್, ಶ್ಯಾಕಲ್ ಬುಶ್, ಟಯರಿನ ಬ್ಯಾಲೆನ್ಸ್ ನೋಡಿ.

ಎಂಜಿನ್ನಿನ ಆರೋಗ್ಯ

ಎಂಎಂ 540ರಲ್ಲಿ ಬಂದದ್ದು ಪೀಜೋ ಮೂಲದ 2112 ಸಿಸಿ ಡೀಸೆಲ್ ಎಂಜಿನ್. ಅದರ ಬಲ ಹೊಸದರಲ್ಲಿಯೇ ಸುಮಾರು 62 ಅಶ್ವಶಕ್ತಿ. ಇಷ್ಟರಲ್ಲಿ ಹತ್ತೋ ಹದಿನೈದೋ ಸೋರಿಹೋದರೆ ಏರಿನಲ್ಲಿ ಅದು ಎದ್ದು ಕಾಣುವುದು ಸಹಜ. ಸೋರಿಕೆ ಎಲ್ಲಿ ಎಂಬುದನ್ನು ಹೊಗೆಯೇ ಬಹುಮಟ್ಟಿಗೆ ಹೇಳುತ್ತದೆ. ಭಾರ ಎಳೆಯುವಾಗ ಕಪ್ಪು ಹೊಗೆ ಬಂದರೆ ಇಂಧನಕ್ಕೆ ತಕ್ಕ ಗಾಳಿ ಸಿಗುತ್ತಿಲ್ಲ, ಅಥವಾ ನಾಝಲ್ ಕೆಟ್ಟಿದೆ. ಎಂಜಿನ್ ಬಿಸಿಯಾದ ಮೇಲೆಯೂ ಬಿಳಿ ಹೊಗೆ ನಿಲ್ಲದಿದ್ದರೆ ಪಂಪಿನ ಟೈಮಿಂಗ್ ತಪ್ಪಿರಬಹುದು, ಕಂಪ್ರೆಶನ್ (ಸಿಲಿಂಡರಿನೊಳಗೆ ಗಾಳಿಯನ್ನು ಒತ್ತುವ ಬಲ) ಇಳಿದಿರಬಹುದು, ಇಲ್ಲವೇ ಗ್ಯಾಸ್ಕೆಟ್ ಹೋಗಿ ನೀರು ಒಳಸೇರುತ್ತಿರಬಹುದು. ನೀಲಿ ಹೊಗೆಯೆಂದರೆ ಎಣ್ಣೆ ಉರಿಯುತ್ತಿದೆ. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಎಣ್ಣೆ ತುಂಬುವ ಮುಚ್ಚಳವನ್ನು ತೆರೆದು ಅಲ್ಲಿಯೇ ಬೋರಲು ಇಟ್ಟು ನೋಡಿ. ಅದು ಕುಣಿದು ಕೆಳಗೆ ಬೀಳುವಷ್ಟು ಗಾಳಿ ತಳ್ಳುತ್ತಿದ್ದರೆ ಪಿಸ್ಟನ್ ರಿಂಗುಗಳು ಸವೆದಿವೆ.

ಖಚಿತವಾದ ಉತ್ತರ ಬೇಕಿದ್ದರೆ ಕಂಪ್ರೆಶನ್ ಗೇಜ್ ಹಾಕಿಸಬೇಕು. ಆರೋಗ್ಯವಂತ ಹಳೆಯ ಡೀಸೆಲ್ ಎಂಜಿನ್ ಸಾಮಾನ್ಯವಾಗಿ 25ರಿಂದ 30 ಬಾರ್ ತೋರಿಸುತ್ತದೆ. ನಾಲ್ಕೂ ಸಿಲಿಂಡರುಗಳ ಅಂಕಿ ಹತ್ತಿರ ಹತ್ತಿರ ಇರುವುದು ಅಂಕಿಯ ಎತ್ತರದಷ್ಟೇ ಮುಖ್ಯ. ಮೂರು ಸರಿಯಿದ್ದು ಒಂದು ಮಾತ್ರ ಕೆಳಗಿದ್ದರೆ ಇಡೀ ಎಂಜಿನ್ ಬಿಚ್ಚುವುದಕ್ಕೆ ಮೊದಲು ಆ ಸಿಲಿಂಡರಿನ ವಾಲ್ವ್ ಗ್ಯಾಪನ್ನು ಫೀಲರ್ ಗೇಜಿನಿಂದ ಅಳೆಯಬೇಕು. ನಾಝಲ್‌ಗಳನ್ನು ಡೀಸೆಲ್ ಪಂಪ್ ಕೆಲಸ ಮಾಡುವ ಅಂಗಡಿಯಲ್ಲಿ ಟೆಸ್ಟ್ ಮಾಡಿಸಿ, ಪಂಪನ್ನು ಕ್ಯಾಲಿಬ್ರೇಶನ್ ಮಾಡಿಸಿ, ಎರಡೂ ಡೀಸೆಲ್ ಫಿಲ್ಟರುಗಳನ್ನು ಬದಲಿಸಿ. ರೇಡಿಯೇಟರನ್ನು ಬಿಚ್ಚಿ ಒಳಗೂ ಹೊರಗೂ ತೊಳೆಸಿ. ಬಿಸಿಯಾಗುತ್ತದೆಂದು ಥರ್ಮೋಸ್ಟಾಟನ್ನೇ ಕಿತ್ತೆಸೆಯುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಹಾಗೆ ಮಾಡಿದರೆ ಎಂಜಿನ್ ತನ್ನ ಸರಿಯಾದ ಬಿಸಿಗೆ ಬರುವುದೇ ಇಲ್ಲ, ಡೀಸೆಲ್ ಹೆಚ್ಚು ಕುಡಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ.

ಗೇರು, ಟಯರು, ಎತ್ತರ

ಗುಡ್ಡ ಹತ್ತಿಸುವುದು ಎಂಜಿನ್ನಿಗಿಂತ ಹೆಚ್ಚಾಗಿ ಗೇರು ಎಂಬುದಕ್ಕೆ ಲೆಕ್ಕವೇ ಸಾಕ್ಷಿ. ನಮ್ಮ ಹಳೆಯ ಜೀಪುಗಳ ಮೂಲವಾದ ವಿಲ್ಲೀಸ್ ಸಿಜೆ-3ಬಿಯಲ್ಲಿ ಬಲವನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಲೋ (ನಿಧಾನದ ಗೇರು) ಅನುಪಾತ 2.46, ಆಕ್ಸೆಲಿನ ನಡುವಿರುವ ಗೇರಾದ ಕ್ರೌನ್ ಪಿನಿಯನ್ನಿನದು 5.38. ಎರಡನ್ನೂ ಗುಣಿಸಿದರೆ 13ಕ್ಕಿಂತ ಸ್ವಲ್ಪ ಹೆಚ್ಚು. ಗೇರ್‌ಬಾಕ್ಸಿನಿಂದ ಹೊರಟ ತಿರುಗುಬಲ ಚಕ್ರಕ್ಕೆ ಹೋಗುವಷ್ಟರಲ್ಲಿ ಅಷ್ಟು ಪಟ್ಟು ಆಗುತ್ತದೆ. ಲೋ ಹಾಕಿದ ಮಾತ್ರಕ್ಕೆ ಚಕ್ರಕ್ಕೆ ಎರಡೂವರೆ ಪಟ್ಟಿನಷ್ಟು ಬಲ ಸಿಗುವಾಗ, ಯಾವ ಟರ್ಬೊ ಅಷ್ಟನ್ನು ಕೊಡಬಲ್ಲದು? ಆದ್ದರಿಂದ ಫೋರ್ ವೀಲ್ ಲಿವರುಗಳು ಎರಡೂ ಸಲೀಸಾಗಿ ಬೀಳುತ್ತವೆಯೇ, ಮುಂದಿನ ಚಕ್ರಗಳನ್ನು ಆಕ್ಸೆಲಿಗೆ ಜೋಡಿಸುವ ಹಬ್ ಲಾಕ್‌ಗಳು ನಿಜವಾಗಿ ಹಿಡಿಯುತ್ತವೆಯೇ, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಕೀಲುಗಳಲ್ಲಿ ಆಟವಿದೆಯೇ ಎಂಬುದನ್ನು ನೋಡುವುದು ಬಲ ಹೆಚ್ಚಿಸುವ ಮೊದಲ ಕೆಲಸ. ವರ್ಷಗಟ್ಟಲೆ ಟೂ ವೀಲಿನಲ್ಲಿಯೇ ಓಡಿದ ಜೀಪಿನಲ್ಲಿ ಲೋ ಲಿವರ್ ತುಕ್ಕಿನಿಂದ ಕಚ್ಚಿಕೊಂಡಿರುತ್ತದೆ. ಆದರೆ ಒಣ ಡಾಮರು ರಸ್ತೆಯಲ್ಲಿ ಫೋರ್ ವೀಲ್ ಹಾಕಿ ಓಡಿಸಬಾರದು, ಏಕೆಂದರೆ ಮಧ್ಯದಲ್ಲಿ ಡಿಫರೆನ್ಷಿಯಲ್ ಇಲ್ಲದ ಈ ವ್ಯವಸ್ಥೆಯಲ್ಲಿ ತಿರುವಿನಲ್ಲಿ ಮುಂದಿನ ಹಿಂದಿನ ಚಕ್ರಗಳ ವೇಗದ ವ್ಯತ್ಯಾಸ ಹೊರಹೋಗಲು ದಾರಿಯಿಲ್ಲದೆ ಗೇರುಗಳನ್ನೇ ತಿರುಚುತ್ತದೆ.

ಈಗ ದೊಡ್ಡ ಟಯರಿನ ಲೆಕ್ಕ ನೋಡಿ. ಮೂಲದ 6.00-16 ಟಯರಿನ ವ್ಯಾಸ ಸುಮಾರು 28.5 ಇಂಚು. ಅಲ್ಲಿ 31 ಇಂಚಿನ ಟಯರು ಹಾಕಿದರೆ ವ್ಯಾಸ ಶೇಕಡಾ 9ರಷ್ಟು ಹೆಚ್ಚಿ, 5.38ರ ಕ್ರೌನು 4.95ರಂತೆ ವರ್ತಿಸುತ್ತದೆ. ಎಂದರೆ ಎಳೆತ ಅಷ್ಟೇ ಪ್ರಮಾಣದಲ್ಲಿ ಕಡಿಮೆ, ಬ್ರೇಕಿಗೆ ಕೆಲಸ ಹೆಚ್ಚು, ಸ್ಪೀಡೋಮೀಟರ್ 40 ತೋರಿಸುವಾಗ ಜೀಪು ಓಡುತ್ತಿರುವುದು 43ಕ್ಕಿಂತ ಹೆಚ್ಚು. ನಮ್ಮ ನೆಲಕ್ಕೆ ಅಗಲ ಟಯರು ಬೇಕೇ ಎಂಬುದೂ ಪ್ರಶ್ನೆ. ಮಳೆಗಾಲದಲ್ಲಿ ಇಲ್ಲಿನ ತೋಟದ ದಾರಿಯಲ್ಲಿ ಮೇಲೆ ಒಂದೆರಡು ಇಂಚು ಜಾರುವ ಕೆಸರು, ಅದರಡಿಯಲ್ಲಿ ಗಟ್ಟಿ ಮುರಕಲ್ಲು. ಕಿರಿದಾದ ಟಯರು ಕೆಸರನ್ನು ಸೀಳಿ ಕಲ್ಲನ್ನು ಹಿಡಿಯುತ್ತದೆ, ಅಗಲದ್ದು ಕೆಸರಿನ ಮೇಲೆ ತೇಲಿ ಜಾರುತ್ತದೆ. ಅಗಲ ಟಯರಿನ ಪ್ರಯೋಜನ ಸಮುದ್ರ ತೀರದ ಹೊಯಿಗೆಯಲ್ಲಿ (ಮರಳಿನಲ್ಲಿ) ಹೆಚ್ಚು. ಹಳೆಯ ಅಳತೆಯ, ಆಳವಾದ ಹಲ್ಲಿನ ಟಯರೇ ನಮ್ಮ ಗುಡ್ಡಗಳಿಗೆ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಕೆಸರಿನಲ್ಲಿ ಗಾಳಿಯನ್ನು 20 ಪಿಎಸ್ಐ ಆಸುಪಾಸಿಗೆ ಇಳಿಸಿದರೆ ಹಿಡಿತ ಹೆಚ್ಚುತ್ತದೆ. ಅದಕ್ಕಿಂತ ಇಳಿಸಿದರೆ ಮುರಕಲ್ಲಿನ ಚೂಪು ಅಂಚು ಟಯರಿನ ಮಗ್ಗುಲನ್ನು ಸೀಳುವ ಅಪಾಯವಿದೆ. ಡಾಮರಿಗೆ ಬರುವ ಮುಂಚೆ ಗಾಳಿ ತುಂಬಲು ಪಂಪ್ ಜೊತೆಗಿರಲಿ.

ಎತ್ತರಿಸಲು ಉದ್ದದ ಶ್ಯಾಕಲ್ ಹಾಕುವುದು ಅಗ್ಗದ ಉಪಾಯ, ಆದರೆ ಎಲ್ಲಕ್ಕಿಂತ ಕೆಟ್ಟದ್ದು. ಶ್ಯಾಕಲನ್ನು ಎರಡಿಂಚು ಉದ್ದ ಮಾಡಿದರೆ ಸಿಗುವ ಎತ್ತರ ಒಂದೇ ಇಂಚು. ಅದೂ ಮುಂಬದಿಯಲ್ಲಿ ಶ್ಯಾಕಲ್ ಇರುವ ಈ ಜೀಪುಗಳಲ್ಲಿ ಮುಂದಿನ ಹೌಸಿಂಗ್ (ಆಕ್ಸೆಲಿನ ಕವಚ) ಮುಂದಕ್ಕೆ ವಾಲಿ ಕ್ಯಾಸ್ಟರ್ (ಕಿಂಗ್‌ಪಿನ್ ಹಿಂದಕ್ಕೆ ವಾಲಿರುವ ಓರೆ) ಕಡಿಮೆಯಾಗುತ್ತದೆ, ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವುದು ನಿಲ್ಲುತ್ತದೆ, ಮೇಲೆ ಹೇಳಿದ ನಡುಕ ಮರಳಿ ಬರುತ್ತದೆ. ಹಳೆಯ ಪ್ಲೇಟುಗಳು ಕುಸಿದಿದ್ದರೆ ಹೊಸ ಸೆಟ್ ಹಾಕಿದಾಗಲೇ ಸಾಕಷ್ಟು ಎತ್ತರ ಮರಳಿ ಬರುತ್ತದೆ. ಅದರ ಮೇಲೂ ಬೇಕೆನಿಸಿದರೆ ಹೆಚ್ಚು ಕಮಾನಿನ ಪ್ಲೇಟುಗಳನ್ನು ಮಾಡಿಸಿ, ಎರಡಿಂಚಿಗೆ ನಿಲ್ಲಿಸಿ, ಬ್ರೇಕ್ ಹೋಸ್ ಮತ್ತು ಪ್ರೊಪೆಲ್ಲರ್ ಶಾಫ್ಟಿನ ಸ್ಲಿಪ್ ಭಾಗ ಪೂರ್ತಿ ಚಾಚಿದಾಗಲೂ ಸಾಕಾಗುತ್ತವೆಯೇ ಎಂದು ಪರೀಕ್ಷಿಸಿ.

ನೀರು

ತೋಡು ದಾಟಿದ ಜೀಪಿನ ಕ್ರೌನಿನೊಳಗೆ ನೀರು ಸೇರುವುದು ಹೆಚ್ಚಾಗಿ ಸೀಲಿನ ಸೋರಿಕೆಯಿಂದಲ್ಲ. ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರ್ ಎಂಬ ಗಾಳಿಯಾಡುವ ತೂತಿನಿಂದ ಹೊರಗಿನದನ್ನು ಎಳೆದುಕೊಳ್ಳುತ್ತದೆ. ಆ ತೂತು ನೀರಿನಡಿ ಇದ್ದರೆ ನೀರನ್ನೇ ಎಳೆದುಕೊಳ್ಳುತ್ತದೆ. ಬ್ರೀದರಿಗೆ ಎಣ್ಣೆ ತಡೆಯುವ ರಬ್ಬರ್ ಕೊಳವೆ ಜೋಡಿಸಿ ಬಾನೆಟ್ಟಿನೊಳಗೆ ಎತ್ತರಕ್ಕೆ ಒಯ್ದು ಕಟ್ಟಿದರೆ ಈ ತೊಂದರೆ ಮುಗಿಯುತ್ತದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಉಪಕಾರ ಮಾಡುವ ಬದಲಾವಣೆ ಬೇರೊಂದಿಲ್ಲ. ನೀರಿಗೆ ಇಳಿದ ವಾರದೊಳಗೆ ಡ್ರೈನ್ ಪ್ಲಗ್ಗನ್ನು ಸಡಿಲಿಸಿ ಸ್ವಲ್ಪ ಎಣ್ಣೆಯನ್ನು ಅಂಗೈಗೆ ಬಿಡಿ; ಹಾಲು ಹಾಕಿದ ಚಹಾದ ಬಣ್ಣವಿದ್ದರೆ ಅಂದೇ ಪೂರ್ತಿ ಬದಲಿಸಿ. ಕ್ರೌನಿಗೆ ಜಿಎಲ್-5 ದರ್ಜೆಯ ಗೇರ್ ಎಣ್ಣೆ ಸರಿ; ಹಿತ್ತಾಳೆಯ ಸಿಂಕ್ರೊ ರಿಂಗುಗಳಿರುವ ಹಳೆಯ ಗೇರ್‌ಬಾಕ್ಸಿಗೆ ಜಿಎಲ್-4 ಸುರಕ್ಷಿತ.

ಎಂಜಿನ್ನಿಗೆ ಎತ್ತರದಿಂದ ಗಾಳಿ ತರುವ ಸ್ನಾರ್ಕೆಲ್ ಕೊಳವೆ ಹಾಕಿಸಿದವರು ಅದನ್ನು ಪರೀಕ್ಷಿಸದೆ ನೀರಿಗೆ ಇಳಿಯಬೇಡಿ. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಸ್ನಾರ್ಕೆಲಿನ ಬಾಯಿಗೆ ಚಪ್ಪಟೆ ಹಲಗೆಯನ್ನು ಒತ್ತಿ ಹಿಡಿಯಿರಿ. ಎಂಜಿನ್ ಉಸಿರುಕಟ್ಟಿ ನಿಲ್ಲಬೇಕು. ಓಡುತ್ತಲೇ ಇದ್ದರೆ ಎಲ್ಲೋ ಒಂದು ಜೋಡಣೆಯಿಂದ ಗಾಳಿ ಒಳಹೋಗುತ್ತಿದೆ, ಅದೇ ದಾರಿಯಿಂದ ನೀರೂ ಹೋಗುತ್ತದೆ. ನೀರಿನ ನಡುವೆ ಎಂಜಿನ್ ನಿಂತರೆ ಮತ್ತೆ ಸೆಲ್ಫ್ ಹೊಡೆಯಬೇಡಿ. ನೀರು ಕುಗ್ಗುವ ವಸ್ತುವಲ್ಲವಾದ್ದರಿಂದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಳೆಸಿ ದಡಕ್ಕೆ ತಂದು, ಇಂಜೆಕ್ಟರ್‌ಗಳನ್ನು ಬಿಚ್ಚಿ, ಕೈಯಿಂದ ತಿರುಗಿಸಿ ನೀರನ್ನು ಹೊರಹಾಕಿದ ಬಳಿಕವೇ ಮುಂದಿನ ಯೋಚನೆ. ಎಳೆಯುವ ಕೊಕ್ಕೆ ಬಂಪರಿಗಲ್ಲ, ಚಾಸಿಗೇ ಬೋಲ್ಟ್ ಆಗಿರಬೇಕು. ಬಿಗಿಯಾದ ಹಗ್ಗದ ಹತ್ತಿರ ಯಾರೂ ನಿಲ್ಲಬಾರದು.

ಕೊನೆಗೆ, ಬಲ

ಮೇಲಿನದೆಲ್ಲ ಆದ ಮೇಲೆಯೂ ಸಾಲದೆನಿಸಿದವರಿಗೆ ಈ ಭಾಗ. ಕೆಲವು ವರ್ಷಗಳ ಹಿಂದೆ ಒಂದು ಗ್ಯಾರೇಜಿನಲ್ಲಿ ನನ್ನ ಜೀಪಿನ ಪಂಪಿನ ಡೀಸೆಲ್ ಸ್ಕ್ರೂವನ್ನು ಸ್ವಲ್ಪ ತಿರುಗಿಸಿ ಕೊಟ್ಟರು. ಎರಡು ದಿನ ಜೀಪು ಹಾರಿತು. ಮೂರನೇ ವಾರ ಅಡಿಕೆ ಹೇರಿಕೊಂಡು ಏರು ಹತ್ತುವಾಗ ಬಡಿತದ ಸದ್ದು ಬಂದು ನಿಂತಿತು. ಹೆಡ್ ತೆಗೆದಾಗ ಮೂರನೇ ಪಿಸ್ಟನ್ನಿನ ಅಂಚು ಕರಗಿ ಹೋಗಿತ್ತು. ಗಾಳಿಯನ್ನು ಹೆಚ್ಚಿಸದೆ ಡೀಸೆಲನ್ನು ಮಾತ್ರ ಹೆಚ್ಚಿಸಿದರೆ ಒಳಗಿನ ಬಿಸಿ ಏರುತ್ತದೆ, ಅದನ್ನು ತಡೆಯುವ ಶಕ್ತಿ ಹಳೆಯ ಪಿಸ್ಟನ್ನಿಗಿಲ್ಲ. ಕಪ್ಪು ಹೊಗೆ ಕಾಣುವ ಮಟ್ಟಕ್ಕೆ ಇಂಧನ ಹೆಚ್ಚಿಸಲೇಬೇಡಿ.

ಟರ್ಬೊ ಗಾಳಿಯನ್ನು ಹೆಚ್ಚಿಸುತ್ತದೆ ನಿಜ. ಆದರೆ ಈ ಎಂಜಿನ್ನುಗಳ ಕಂಪ್ರೆಶನ್ ಅನುಪಾತ ಮೊದಲೇ ಹೆಚ್ಚಾಗಿರುವುದರಿಂದ ಅರ್ಧ ಬಾರ್ ಒತ್ತಡಕ್ಕಿಂತ ಮೇಲೆ ಹೋಗುವುದನ್ನು ನಾನು ಒಪ್ಪುವುದಿಲ್ಲ. ಟರ್ಬೊದಿಂದ ಸಂಪಿಗೆ ಮರಳುವ ಎಣ್ಣೆಯ ಕೊಳವೆ ದಪ್ಪವಾಗಿದ್ದು ಉದ್ದಕ್ಕೂ ಇಳಿಜಾರಾಗಿರಬೇಕು, ಮತ್ತು ಟರ್ಬೊಕ್ಕೆ ಮೊದಲು ಹೊಗೆಯ ಬಿಸಿ ಅಳೆಯುವ ಮೀಟರ್ ಇರಲೇಬೇಕು. ಅದು 700 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು. ಜಿಪ್ಸಿಯವರ ದಾರಿ ಸುಲಭ. 1985ರಲ್ಲಿ ಬಂದ ಮೊದಲ ಜಿಪ್ಸಿಯದು 970 ಸಿಸಿ, 1996ರ ಜಿಪ್ಸಿ ಕಿಂಗ್‌ನದು 1298 ಸಿಸಿ; ಎಸ್ಟೀಮ್ ಕಾರಿನ ಎಂಜಿನ್ನೂ ಅದೇ ಕುಟುಂಬದ್ದಾದ್ದರಿಂದ ಬಿಡಿಭಾಗಗಳು ಸಿಗುತ್ತವೆ.

ಕಾನೂನನ್ನು ಇಲ್ಲಿ ಮರೆಯುವಂತಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದದ್ದೂ ಕೇರಳದಿಂದ ಹೋದ ಪ್ರಕರಣದಲ್ಲಿಯೇ. ಎಂಜಿನ್ ಬದಲಿಸುವುದಾದರೆ ಕೆಲಸಕ್ಕೆ ಮೊದಲೇ ಆರ್‌ಟಿಒ ಕಚೇರಿಯಿಂದ ಲಿಖಿತ ಅನುಮತಿ ಪಡೆದು, ಆಮೇಲೆ ಆರ್‌ಸಿಯಲ್ಲಿ ಬರೆಸಬೇಕು. ಹದಿನೈದು ವರ್ಷ ದಾಟಿದ ವಾಹನ ಐದು ವರ್ಷಕ್ಕೊಮ್ಮೆ ತಪಾಸಣೆಗೆ ನಿಲ್ಲಬೇಕಾಗುತ್ತದೆ, ಅಪಘಾತವಾದರೆ ವಿಮಾ ಕಂಪೆನಿಯೂ ಮೊದಲು ನೋಡುವುದು ವಾಹನ ಆರ್‌ಸಿಗೆ ಹೊಂದುತ್ತದೆಯೇ ಎಂಬುದನ್ನೇ. ದುರಸ್ತಿ, ಮೂಲ ಅಳತೆಯ ಟಯರು, ಹೊಸ ಪ್ಲೇಟು, ಬ್ರೀದರ್ ಕೊಳವೆ ಇವುಗಳಿಗೆ ಈ ತೊಡಕಿಲ್ಲ ಎಂಬುದೂ ನಾನು ಈ ಕ್ರಮವನ್ನು ಹೇಳಲು ಒಂದು ಕಾರಣ.

ಎಲ್ಲ ಜೋಡಣೆ ಮುಗಿದ ಮೇಲೆ ಮೊದಲ ದಿನವೇ ಭಾರ ಹೇರಬೇಡಿ. ಖಾಲಿ ಜೀಪನ್ನು ಊರ ರಸ್ತೆಯಲ್ಲಿ 50 ಕಿಲೋಮೀಟರ್ ಓಡಿಸಿ ಬಂದು, ಪ್ಲೇಟನ್ನು ಆಕ್ಸೆಲಿಗೆ ಹಿಡಿಸುವ ಯು-ಬೋಲ್ಟುಗಳನ್ನು ಟಾರ್ಕ್ ವ್ರೆಂಚಿನಿಂದ ಮತ್ತೊಮ್ಮೆ ಬಿಗಿ ಮಾಡಿ. ಹೊಸ ಪ್ಲೇಟುಗಳು ಒಂದರ ಮೇಲೊಂದು ಕೂತಾಗ ಆ ಬೋಲ್ಟುಗಳು ಖಂಡಿತ ಸಡಿಲಾಗಿರುತ್ತವೆ. ಪ್ರತಿ ನಿಪ್ಪಲ್ಲಿಗೂ ಹಳೆಯ ಗ್ರೀಸು ಹೊರಬರುವವರೆಗೆ ಗ್ರೀಸ್ ಗನ್ ಒತ್ತಿ. ಆಮೇಲೆ ನಾಲ್ಕೂ ಡ್ರಮ್ಮುಗಳ ಹತ್ತಿರ ಅಂಗೈಯ ಹಿಂಬದಿಯನ್ನು ಹಿಡಿದು ನೋಡಿ.